ಅಡುಗೆಮನೆ ಕಡೆಯ ಗೋಡೆ

"ಅಲ್ಲೊಂದು ಟ್ರೇ ಉದುರಿದೆ ನೋಡಿ, ಅಂಟಿಸಿಬಿಡಿ," ಎಂದ ಎರ್ನಾನ್.

ಲಾ ಪ್ಲಾಟಾ ಊರಿನ ಹಳೇ ಗೋದಾಮಿನೊಳಗೆ ಅವನ ಹಳೇ ಮನೆಯ ಗ್ಯಾರೇಜನ್ನೇ ಸಿನಿಮಾ ಸೆಟ್ಟಾಗಿ ಎಬ್ಬಿಸಿ ನಿಲ್ಲಿಸಿದ್ದರು. ಗೋಡೆ ತುಂಬ ಮೊಟ್ಟೆ ಇಡುವ ರಟ್ಟಿನ ಟ್ರೇಗಳು. ಸದ್ದು ಹೊರಗೆ ಹೋಗದಿರಲೆಂದು ಅವನ ಹರೆಯದಲ್ಲಿ ಬಡ ಬ್ಯಾಂಡಿನವರೆಲ್ಲ ಮಾಡುತ್ತಿದ್ದ ಉಪಾಯ ಅದು. 'ಒದ್ದೆ ಕಾಲುಚೀಲ' ಎಂಬ ಎರ್ನಾನ್ ಮತ್ತವನ ಗೆಳೆಯರ ರಾಕ್ ಬ್ಯಾಂಡ್ ಹುಟ್ಟಿದ್ದು ಅಂಥ ಗೋಡೆಗಳ ನಡುವೆಯೇ. ಯಾವ ಕಂಪನಿಯೂ ಹತ್ತಿರ ಸೇರಿಸಲಿಲ್ಲ. ಕ್ಯಾಸೆಟ್ಟುಗಳನ್ನು ತಾವೇ ನಕಲು ಮಾಡಿ ರೈಲು ನಿಲ್ದಾಣದಲ್ಲಿ ಮಾರಿದರು. ಆಮೇಲೆ ಯಾರೋ ಎರ್ನಾನನ ಮುಖ ನೋಡಿ ಧಾರಾವಾಹಿಯಲ್ಲಿ ಖಳನನ್ನಾಗಿ ಮಾಡಿದರು. ಸಿನಿಮಾ ಬಂತು, ಹೆಸರು ಬಂತು, ಹೊಟ್ಟೆಯೂ ಬಂತು. ಈಗ ಆ ಬ್ಯಾಂಡಿನ ಮೇಲೇ ಸಿನಿಮಾ. ಐವತ್ತೆರಡರ ಅವನು ಹದಿನೆಂಟರ ಎರ್ನಾನ್ ಆಗುವಂತಿರಲಿಲ್ಲ. ಹಾಗಾಗಿ ತನ್ನ ಅಪ್ಪನ ಪಾತ್ರ ಮಾಡುತ್ತಿದ್ದ.

ಅಪ್ಪ ಬೇಕರಿ ಕೆಲಸದವರು. ಬೆಳಗಿನ ಜಾವ ಮೂರಕ್ಕೆ ಹೋಗಿ, ಮಧ್ಯಾಹ್ನ ಬಂದು ಮಲಗುವವರು. ಒಂದು ದಿನ ಗ್ಯಾರೇಜಿನ ಬಾಗಿಲು ಒದ್ದು ಬಂದು, "ಇನ್ನೊಂದ್ಸಲ ಈ ಸದ್ದು ಕೇಳಿಸ್ತೋ, ಗಿಟಾರು ಬೇಕರಿ ಒಲೆಗೆ ಹೋಗುತ್ತೆ" ಎಂದಿದ್ದರು. ಇದನ್ನು ಎರ್ನಾನ್ ಮೂವತ್ತು ವರ್ಷ ಸಂದರ್ಶನಗಳಲ್ಲಿ ಹೇಳಿದ್ದ, ಪ್ರತಿ ಸಲವೂ ಚಪ್ಪಾಳೆ ಬಿದ್ದಿತ್ತು. ಅಪ್ಪ ಬದುಕಿದ್ದಾಗಲೂ ಟಿವಿಯಲ್ಲಿ ಹೇಳಿದ್ದ. ಇವತ್ತು ಚಿತ್ರೀಕರಣ ಆಗಬೇಕಿದ್ದುದು ಅದೇ ದೃಶ್ಯ.

ಸೆಟ್ಟಿನವನು ಹಳೆಯ ಫೋಟೋ ತೋರಿಸಿ, ಅದರಲ್ಲೂ ಆ ಜಾಗ ಖಾಲಿಯೇ ಇದೆ ಎಂದ. ಎರ್ನಾನನಿಗೆ ನಗು ಬಂತು. ಅದು ಡ್ರಮ್ಮು ಬಾರಿಸುವ ಡುಮ್ಮ ಬೆಟೊನ ಕೆಲಸ. ಅವನು ದಿನಾ ಅಂಟಿಸುತ್ತಿದ್ದ, ಅದು ದಿನಾ ಉದುರುತ್ತಿತ್ತು, ಉಳಿದವರು ಅವನ ಗೋಂದಿಗೂ ಅವನ ವಂಶಕ್ಕೂ ಬೈಯುತ್ತಿದ್ದರು. ಬೆಟೊ ಈಗಿಲ್ಲ. ಎರ್ನಾನ್ ಟ್ರೇಗಳ ಮೇಲೆ ಕೈಯಾಡಿಸುತ್ತ ನಿಂತ. ಆ ದಿನಗಳಿಗಾಗಿ ಜೀವ ಹಿಂಡಿದಂತಾಯಿತು.

"ಅಂಟಿಸ್ಬೇಡಪ್ಪ," ಎಂದಳು ಅಮ್ಮ ನೆಲಿಡಾ. ಚಿತ್ರೀಕರಣ ನೋಡಲು ಬಂದ ಎಂಬತ್ತರ ಮುದುಕಿ ಮೂಲೆಯಲ್ಲಿ ಕೂತು ಯೆರ್ಬಾ ಎಲೆಯ ಕಷಾಯ ಹೀರುತ್ತಿದ್ದಳು. "ಅದು ಅಡುಗೆಮನೆ ಕಡೆ ಗೋಡೆ. ಆಚೆ ನಿಮ್ಮಪ್ಪ ಕುರ್ಚಿ ಹಾಕ್ಕೋತಿದ್ರು. ನೀವು ಬರೋಕ್ ಮುಂಚೆ ಬಂದು ಆ ಟ್ರೇ ಕಿತ್ತಿಟ್ಟು ಹೋಗ್ತಿದ್ರು."

ಆ ಟ್ರೇಗಳನ್ನೆಲ್ಲ ಬೇಕರಿಯಿಂದ ಹೊತ್ತು ತಂದವರು ಅಪ್ಪನೇ, ತಮ್ಮ ನಿದ್ದೆಗಾಗಿ ತಂದಿದ್ದರು ಎಂದು ಎರ್ನಾನ್ ಜ್ಞಾಪಿಸಿದ. ಅಕ್ಕಪಕ್ಕದವರ ನಿದ್ದೆಗೆ ಎಂದು ಅಮ್ಮ ತಿದ್ದಿದಳು. ಅಪ್ಪ ಮಲಗುತ್ತಿದ್ದುದು ಹಾಡು ಮುಗಿದ ಮೇಲೆಯೇ.

"ಮತ್ತೆ ಆ ಒಲೆ ಮಾತು?"

"ಅವತ್ತು ಬೇಕರಿ ಧಣಿ ಬೈದಿದ್ದ, ಆ ಸಿಟ್ಟಿಗೆ ಅಂದ್ರು. ಅಂದಿದ್ದು ಒಂದ್ಸಲ ಕಣೋ, ಕಿತ್ತಿದ್ದು ದಿನಾ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳ್ಬೇಡ ಅಂದಿದ್ರು. ಅಪ್ಪ ಕೇಳ್ತಾರೆ ಅಂತ ಗೊತ್ತಾದ್ರೆ, ಚೆನ್ನಾಗಿ ಹಾಡೋಕ್ ಹೋಗಿ ಕೆಡಿಸ್ಕೋತಾನೆ ಅಂತಿದ್ರು."

ಎರ್ನಾನ್ ತನ್ನ ಜಾಗಕ್ಕೆ ಹೋಗಿ, ಅಪ್ಪನ ಪಾತ್ರಕ್ಕೆಂದು ಕೈಗೆ ಮೈದಾ ಹಿಟ್ಟು ಮೆತ್ತಿಸಿಕೊಂಡ. ಕ್ಯಾಮೆರಾ ಶುರುವಾಯಿತು. ಗ್ಯಾರೇಜಿನೊಳಗೆ ಬ್ಯಾಂಡಿನ ಪಾತ್ರ ಮಾಡುವ ಹದಿನೆಂಟರ ಹುಡುಗರು ಅವನ ಮೊದಲ ಹಾಡನ್ನು ಎತ್ತಿಕೊಂಡರು. ಬಾಗಿಲು ಒದೆಯುವ ಸದ್ದಿಗೆ ನಿರ್ದೇಶಕಿ ಹಿಮೇನಾ ಕಾದಳು. ಅದು ಬರಲಿಲ್ಲ. ಎದ್ದು ಗೋಡೆಯಾಚೆ ಬಂದು ನೋಡಿದರೆ, ಅವನು ಆ ಖಾಲಿ ಜಾಗದ ಹಿಂದೆ ಕುರ್ಚಿ ಎಳೆದುಕೊಂಡು, ಹಲಗೆಗೆ ಕಿವಿಯಾನಿಸಿ ಕೂತಿದ್ದ.

"ಎರ್ನಾನ್, ಡೈಲಾಗು," ಎಂದು ಅವಳು ಪಿಸುಗುಟ್ಟಿದಳು.

ಅವನು ಹಿಟ್ಟು ಮೆತ್ತಿದ ಕೈ ಎತ್ತಿ ತಡೆದ. "ಸ್ವಲ್ಪ ತಡಿಯಮ್ಮ. ನನ್ನ ಮಗ ಹಾಡ್ತಿದಾನೆ."