ಆರದ ಹಂಚು

ಪೆಲೇಡಿಯಂ ಲೋಹದ ಹಂಚಿಗೆ ಎರಡು ಎಮ್ಮೆಗಳ ಬೆಲೆ. ಆಮೇಲೆ ವಾರಕ್ಕೊಂದು ಚಮಚ ಭಾರಜಲ ಕುಡಿಸಿದರೆ ತಾನೇ ಕಾಯುತ್ತದೆ; ಸೌದೆ, ಗ್ಯಾಸು ಯಾವುದೂ ಬೇಡ. ಗದಗಿನಲ್ಲಿ ಉಳಿದವರ ಹಂಚುಗಳು ವರ್ಷಕ್ಕೇ ಆರಿಹೋಗುತ್ತಿದ್ದವು. ನೀಲವ್ವನ ಖಾನಾವಳಿಯದು ಮಾತ್ರ ಈಗ ಕಾಲೇಜಿಗೆ ಹೋಗುವ ಅವಳ ಮಗಳು ತೊಟ್ಟಿಲಲ್ಲಿದ್ದಾಗಿನಿಂದ ರೊಟ್ಟಿ ಬೇಯಿಸುತ್ತಿತ್ತು.

ಊಟಕ್ಕೆ ಬರುವ ಇಬ್ಬರು ವಿಜ್ಞಾನಿಗಳಿಗೆ ದಿನಾ ಅದರದೇ ಜಗಳ. ಬಿಸಿ ಹುಟ್ಟುವುದು ಲೋಹದ ಒಳಬಿರುಕಿನಲ್ಲಿ ಎಂದು ಹಿರೇಗೌಡರ ಎಂಬಾತ, ಮೇಲ್ಮೈಯಲ್ಲಿ ಎಂದು ಮುಲ್ಲಾ.

"ಅರ್ಧಕ್ಕ ಕೊಯ್ದು ನೋಡೂಣ್ರಿ ಅಕ್ಕಾರ," ಎಂದ ಹಿರೇಗೌಡರ.

"ಆರಿಹೋದ್ರ ಊಟಕ್ಕ ಕುಂತ ಮಂದಿಗೆ ನಿಮ್ಮ ವಾದಾನ ಬಡಸ್ಲೇನು? ಮೊದ್ಲ ಇಬ್ರೂ ಕೂಡಿ ಹೊಸಾ ಹಂಚು ತಂದಿಡ್ರಿ," ಎಂದಳು ನೀಲವ್ವ.

ತಂದಿಟ್ಟರು, ಹಳೆಯದನ್ನು ಕೊಯ್ದರು. ಒಂದು ಹೋಳು ಆರಿತು, ಇನ್ನೊಂದು ಕಾದೇ ಇತ್ತು. ಅದನ್ನೇ ತೋರಿಸಿ ಇಬ್ಬರೂ ತಾವೇ ಗೆದ್ದೆವೆಂದರು.

ವಾದ ತೀರಲಿಲ್ಲ. ನೀಲವ್ವನಿಗೆ ಒಂದಿದ್ದ ಹಂಚು ಒಂದೂವರೆಯಾಯಿತು.