ಕಂಪನಿ ಬೆಳೆಸಿದ ಕೂಸು

ಸತ್ತ ಕೂಸುಗಳನ್ನು ಪರದೆಯ ಮೇಲೆ ದೊಡ್ಡವರನ್ನಾಗಿ ಬೆಳೆಸಿ ಸಾಕ್ಷಿ ಹೇಳಿಸುವುದು ಧಾರವಾಡದ ಕೋರ್ಟಿನಲ್ಲಿ ಈಗ ಯಾರಿಗೂ ಹೊಸದಲ್ಲ. ಬೆಳೆಸುವ ಯಂತ್ರ ಮಾತ್ರ ಹಾಲಿನ ಪುಡಿ ಕಂಪನಿಯವರದೇ.

ಊಟದ ಬಿಡುವಾದ ಮೇಲೆ, ಅದೇ ಕಂಪನಿಯ ಮೇಲೆ ದಾವೆ ಹೂಡಿದ್ದ ಗಂಗವ್ವನ ಮನೆಯವರ ಸರದಿ ಬಂತು. ಏಳು ತಿಂಗಳಿಗೇ ಹುಟ್ಟಿದ ಅವಳ ತಮ್ಮನ ಮಗ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲೇ ಪುಡಿಹಾಲು ಕುಡಿದು ಕರುಳು ಕೊಳೆತು ಸತ್ತಿದ್ದ.

ಪರದೆಯಲ್ಲಿ ಮೀಸೆ ಬಂದ ಹುಡುಗನೊಬ್ಬ ಕೈಮುಗಿದ. "ನಮ್ಮವ್ವಗ ಹಾಲ ಇರಲಿಲ್ರಿ. ಕಂಪನಿದೇನೂ ತಪ್ಪಿಲ್ರಿ."

ತಮ್ಮನ ಹೆಂಡತಿ ರುದ್ರವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳು ಬಟ್ಟಲು ತುಂಬ ಹಿಂಡಿ ಕೊಟ್ಟ ಹಾಲನ್ನು, ಪುಡಿಯೇ ಚಲೋ ಎಂದು ಆಸ್ಪತ್ರೆಯವರು ವಾಪಸು ಕಳಿಸಿದ್ದನ್ನು ಗಂಗವ್ವ ಕಣ್ಣಾರೆ ಕಂಡಿದ್ದಳು. ಅವಳು ಎದ್ದು ಪರದೆಯ ಮುಂದೆ ಹೋಗಿ ನಿಂತಳು.

"ನಿನ್ನ ಹೆಸರೇನಪಾ?"

"ಅಭಿನವ್ ರೀ."

"ಯಾರಿಟ್ರು?"

"ನೀವ ಅಲ್ರೀ ಅತ್ತಿ? ತೊಟ್ಟಿಲದಾಗ ಹಾಕಿ ನನ್ನ ಕಿವ್ಯಾಗ ಕುರ್ರ್ ಅಂತ ಹೆಸರು ಹೇಳಿದ್ರಿ. ಹೆಣ್ಮಕ್ಕಳೆಲ್ಲಾ ನಿಮ್ಮ ಬೆನ್ನಿಗೆ ಗುದ್ದಿದ್ರು."

ಕಂಪನಿಯ ವಕೀಲರು ಮುಗುಳ್ನಕ್ಕರು. ಗಂಗವ್ವ ನ್ಯಾಯಾಧೀಶರಿಗೆ ಬೆನ್ನು ತಿರುಗಿಸಿ ನಿಂತುಬಿಟ್ಟಳು.

"ನೋಡ್ರಿ ಸಾಹೇಬ್ರ, ಈ ಬೆನ್ನಿಗೆ ಒಂದ ಗುದ್ದೂ ಬಿದ್ದಿಲ್ಲ. ಹೆಸರಿಡೂತನಕ ಕೂಸ ಎಲ್ಲಿ ಉಳೀತ್ರಿ? ಕೊಂದದ್ದು ಸಾಲದಂತ ಹೆಸರೂ ಇವರ ಇಟ್ಟಾರ!"

ಅವಳು ವಕೀಲರ ಕಡೆಗೆ ತಿರುಗಿ ಮುಷ್ಟಿ ಬಿಗಿದಳು.

"ಹೆಸರಿಟ್ಟವರು ಗುದ್ದು ತಿನ್ನಬೇಕು, ಅದು ನಮ್ಮ ಪದ್ಧತಿ. ಬೆನ್ನು ಕೊಡಾಕ ಹೇಳ್ರಿ ಇವರಿಗೆ!"