ಕೂಡದ ಹಲ್ಲುಗಳು

ಹೆಂಡತಿ ತೀರಿಕೊಂಡ ಮೇಲೆ ಚನ್ನಬಸಯ್ಯನವರಿಗೆ ಮನೆಗೆ ಹೋಗುವ ಮನಸ್ಸೇ ಆಗುತ್ತಿರಲಿಲ್ಲ. ಪಾಲಿಟೆಕ್ನಿಕ್ಕಿನಲ್ಲಿ ಅವರು ಯಂತ್ರದ ಬಿಡಿಭಾಗಗಳನ್ನು ಕಂಪ್ಯೂಟರಿನಲ್ಲಿ ರಚಿಸುವುದನ್ನು ಕಲಿಸುತ್ತಿದ್ದರು. ಸಂಜೆ ಎಲ್ಲರೂ ಹೋದ ಮೇಲೂ ಲ್ಯಾಬಿನಲ್ಲಿ ಸುಮ್ಮನೆ ಕುಳಿತಿರುತ್ತಿದ್ದರು.

ಈಚೆಗೆ ಶಾಹಿದಾ ಎಂಬ ವಿದ್ಯಾರ್ಥಿನಿಯೂ ಉಳಿಯತೊಡಗಿದ್ದಳು.

"ಸರ್, ಇವತ್ತೂ ಗೇರಿನ ಹಲ್ಲು ಕೂಡವಲ್ವು ನೋಡ್ರಿ."

ಅವರು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ತಿದ್ದಿಕೊಡುತ್ತಿದ್ದರು. ಮಾತು ಗೇರಿನಿಂದ ಶುರುವಾಗಿ, ಹೆಂಡತಿ ಅರೆಯುತ್ತಿದ್ದ ಗುರೆಳ್ಳು ಚಟ್ನಿಯವರೆಗೂ ಹೋಗುತ್ತಿತ್ತು. ಮರುದಿನ ಮತ್ತೆ ಅದೇ ತಪ್ಪು. ಹುಡುಗಿ ಒಳ್ಳೆಯವಳು, ತಲೆಗೆ ಮಾತ್ರ ಹತ್ತುವುದಿಲ್ಲ ಎಂದುಕೊಂಡರು.

ಒಂದು ದಿನ ಶಾಹಿದಾ ಕಾಲೇಜಿಗೆ ಬರಲಿಲ್ಲ. ಅಂದು ಸಂಜೆ ಅವರಿಗೆ ಲ್ಯಾಬಿನಲ್ಲೂ ಕೂರಲಾಗಲಿಲ್ಲ. ಒಂದೊಂದೇ ಕಂಪ್ಯೂಟರ್ ಆರಿಸುತ್ತಾ ಕೊನೆಯ ಸಾಲಿಗೆ ಬಂದರೆ, ಅಲ್ಲಿ ಭುವನಾ ಕುಳಿತಿದ್ದಳು. ಇಡೀ ತರಗತಿಗೆ ಜಾಣೆ. ಅವಳ ಮುಂದೆ ಪರದೆಯಲ್ಲಿ ಅದೇ ಗೇರು, ಅದೇ ತಪ್ಪು.

"ಏನವಾ, ನಿನಗೂ ಬರೂದಿಲ್ಲೇನು?"

ಭುವನಾ ತಲೆ ತಗ್ಗಿಸಿದಳು.

"ಶಾಹಿದಾಗ ಜ್ವರ ಬಂದಾವ್ರಿ ಸರ್. ನಿಮ್ಮನ್ನ ಒಬ್ಬರನ್ನೇ ಬಿಟ್ಟು ಬರಬ್ಯಾಡ ಅಂತ ಹೇಳಿ, ತಪ್ಪು ಹೆಂಗ ಮಾಡೋದು ಅಂತ ನನಗ ಕಲಿಸ್ಯಾಳ್ರಿ."